ಚಾಚಾ ಕೂಡುವ ಅಂಗಡಿ: ಬ್ಯಾಟಿಗೆ ಹತ್ತಕ್ಕೆ ಒಂಬತ್ತು, ಜೆರ್ಸಿಗೆ ನಾಲ್ಕು

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಗಲ್ಲಿಯಲ್ಲಿರುವ ಈ ಕ್ರೀಡಾ ಸಾಮಗ್ರಿಗಳ ಅಂಗಡಿಗೆ ನಾನು ಹೋಗಲು ತೊಡಗಿ ಇಪ್ಪತ್ತು ವರ್ಷ ದಾಟಿದೆ. ಆಗ ಕಾಲೇಜು ತಂಡದಲ್ಲಿ ಹನ್ನೆರಡನೆಯ ಆಟಗಾರನಾಗಿ ನೀರಿನ ಬಾಟಲಿ ಹೊರುತ್ತಿದ್ದೆ. ಈಗ ಭಾನುವಾರದ ಓಣಿ ತಂಡಕ್ಕೆ ಚೆಂಡು, ಸ್ಟಂಪು ತರುವ ಹೊಣೆ ನನ್ನ ಮೇಲಿದೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೊಗಳಿಕೆಯ ಜೊತೆಗೆ ಒಂದು ತಕರಾರೂ ಇದೆ, ಮಾಲಕರಾದರೋ ನನ್ನ ತಂದೆಯವರನ್ನು ಕಂಡರೆ ಇಂದಿಗೂ ಎದ್ದು ನಿಂತು ಕುರ್ಚಿ ಕೊಡುವವರು. ಬ್ಯಾಟು ರಿಪೇರಿ ಮಾಡುವ ಚಾಚಾ ಎಲ್ಲಿ ಕೂಡುತ್ತಾರೆ ಎಂದು ಗಲ್ಲಿಯ ಮೂಲೆಯ ಚಹದ ಅಂಗಡಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಅಂಗಡಿ ಉದ್ದಕ್ಕಿದೆ, ಅಗಲಕ್ಕಿಲ್ಲ. ಬಾಗಿಲಲ್ಲೇ ಭಾರತ ತಂಡದ ನೀಲಿ ಅಂಗಿಗಳು, ಅವುಗಳ ಪಕ್ಕದಲ್ಲಿ ಬೆನ್ನಿಗೆ ವಿರಾಟ್ ಕೊಹ್ಲಿಯ 18 ಎಂದು ಬರೆದ ಐಪಿಎಲ್‌ನ ಬೆಂಗಳೂರು ತಂಡದ ಅಂಗಿಗಳು. ಅಲ್ಲಿಂದ ಒಳಗೆ ಶಾಲೆ ಕಾಲೇಜುಗಳಿಗೆ ಸಗಟಾಗಿ ಹೋಗುವ ವಾಲಿಬಾಲು, ನೆಟ್ಟು, ಶಾಟ್‌ಪುಟ್ ಗುಂಡುಗಳು. ಇನ್ನೂ ಒಳಗೆ ಬ್ಯಾಟಿನ ಕಪಾಟು. ಕಟ್ಟಕಡೆಗೆ, ಟ್ಯೂಬ್‌ಲೈಟಿನ ಕೆಳಗೆ, ಗೋಣಿತಟ್ಟಿನ ಮೇಲೆ ಚಾಚಾ. ಬಾಗಿಲಿನಿಂದ ಹಿಂಗೋಡೆಯವರೆಗೆ ನಡೆಯುವಷ್ಟರಲ್ಲಿ ಅಂತಾರಾಷ್ಟ್ರೀಯ ತಂಡದಿಂದ ಓಣಿಯ ತಂಡದವರೆಗೆ ಇಳಿದು ಬಂದಂತಾಗುತ್ತದೆ. ಗಿರಾಕಿಗಳಲ್ಲಿ ಹೆಚ್ಚಿನವರು ಬಾಗಿಲಲ್ಲೇ ವ್ಯಾಪಾರ ಮುಗಿಸಿ ಹೋಗುತ್ತಾರೆ. ಆದರೆ ಈ ಅಂಗಡಿಯ ಗುಣಮಟ್ಟ ಒಳಗೆ ಹೋದಂತೆಲ್ಲ ಏರುತ್ತದೆ ಎಂಬುದು ನನ್ನ ಅನುಭವ.

ಆದ್ದರಿಂದ ಚಾಚಾರಿಂದಲೇ ಆರಂಭಿಸುತ್ತೇನೆ. ನಮ್ಮ ಭಾಗದ ಬೇಸಿಗೆಯಲ್ಲಿ ವಿಲ್ಲೋ ಮರದ ಬ್ಯಾಟು ಬದುಕುವುದು ಕಷ್ಟ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿಗೆ ಮರದೊಳಗಿನ ತೇವ ಆರಿ, ಅಂಚಿನಲ್ಲಿ ಕೂದಲೆಳೆಯಂಥ ಸೀಳು ಬಿಡುತ್ತದೆ. ಅದನ್ನು ಅಲಕ್ಷಿಸಿ ಲೆದರ್ ಚೆಂಡು ಆಡಿದರೆ ಎರಡನೆಯ ವಾರಕ್ಕೆ ಚೆಕ್ಕೆ ಏಳುತ್ತದೆ. ಇದಕ್ಕೆ ಮದ್ದು ಹಸಿ ಅಗಸೆ ಎಣ್ಣೆ. ಮನೆಯಲ್ಲಿ ರೊಟ್ಟಿಯ ಜೊತೆ ಅಗಸಿ ಹಿಂಡಿ ತಿಂದು ಬೆಳೆದ ನಮಗೆ ಬ್ಯಾಟು ಕೂಡ ಅದೇ ಕಾಳಿನ ಎಣ್ಣೆ ಕುಡಿಯುತ್ತದೆ ಎಂಬುದು ತಮಾಷೆಯಾಗಿ ತೋರಬಹುದು, ಆದರೆ ಕುಡಿಸುವುದಕ್ಕೂ ಒಂದು ಅಳತೆ ಇದೆ. ಚಾಚಾ ಹಳೆಯ ಬನಿಯನ್ನಿನ ಚೂರನ್ನು ಎಣ್ಣೆಯಲ್ಲಿ ಅದ್ದಿ, ಹಿಂಡಿ, ಬ್ಯಾಟಿನ ಮುಖಕ್ಕೆ, ಅಂಚಿಗೆ, ತುದಿಗೆ ತೆಳುವಾಗಿ ಒರೆಸುತ್ತಾರೆ. ಹಿಡಿಕೆ ಸೇರುವ ಬುಡಕ್ಕೆ ಒಂದು ಹನಿಯನ್ನೂ ತಾಗಿಸುವುದಿಲ್ಲ, ಏಕೆಂದರೆ ಅಲ್ಲಿನ ಅಂಟು ಸಡಿಲವಾಗುತ್ತದೆ. ಅನಂತರ ಬ್ಯಾಟನ್ನು ಮಲಗಿಸಿ ರಾತ್ರಿಯಿಡೀ ಬಿಡುತ್ತಾರೆ. ಮರುದಿನ ಮರದ ಕೊಡತಿಯಿಂದ ಬಡಿಯುವ ಕೆಲಸ. ಮೊದಲು ಅಂಚುಗಳನ್ನು ಓರೆಯಾಗಿ, ಮೆಲ್ಲಗೆ, ಅನಂತರ ಮುಖವನ್ನು, ನಡುನಡುವೆ ಹಳೆಯ ಚೆಂಡೊಂದನ್ನು ಮುಖದ ಮೇಲೆ ಪುಟಿಸಿ ಕಿವಿಗೊಡುತ್ತಾರೆ. ಸದ್ದು ಮಂದವಾಗಿದ್ದರೆ ಮತ್ತೆ ಕೊಡತಿ. ಗಂಟೆಗಟ್ಟಲೆ ನಡೆಯುವ ಈ ಕೆಲಸಕ್ಕೆ ನನ್ನಿಂದ ಕಳೆದ ಸಲ ತೆಗೆದುಕೊಂಡದ್ದು 300 ರೂಪಾಯಿ. ಹಿಡಿಕೆಗೆ ಹೊಸ ದಾರ ಸುತ್ತಿ ಗ್ರಿಪ್ ಏರಿಸಿದ್ದಕ್ಕೆ 150 ಬೇರೆ. ಆನ್‌ಲೈನಿನಲ್ಲಿ ತರಿಸಿದ ಬ್ಯಾಟನ್ನು ಹೊತ್ತು ಹೋದರೂ ಮುಖ ಸಿಂಡರಿಸದೆ ಮಾಡಿಕೊಡುತ್ತಾರೆ. ಇದು ಮಾಲಕರಿಗೆ ಅಷ್ಟು ರುಚಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗಳು ಪದವಿ ಕಾಲೇಜಿನ ತಂಡಕ್ಕೆ ಆಯ್ಕೆಯಾದಾಗ ಅವಳನ್ನು ಕರೆದುಕೊಂಡು ಹೋದೆ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದ್ದನ್ನು ನೋಡಿ ಮಲಗದೆ ಇದ್ದ ಲಕ್ಷಾಂತರ ಹುಡುಗಿಯರಲ್ಲಿ ಅವಳೂ ಒಬ್ಬಳು. ಅವಳ ಬೆರಳು ನೇರವಾಗಿ ಕಪಾಟಿನ ಅತ್ಯಂತ ದಪ್ಪ ಅಂಚಿನ ಬ್ಯಾಟಿನ ಕಡೆಗೇ ಹೋಯಿತು. ಮಾಲಕರ ಮಗ ಅದನ್ನು ತೆಗೆದುಕೊಡುವುದರಲ್ಲಿದ್ದ. ಗೋಣಿತಟ್ಟಿನ ಮೇಲಿಂದಲೇ ಚಾಚಾ, "ನೋಡು ಬೇಟಿ, ಆ ಬ್ಯಾಟ್ ನೋಡಲಾಕ ಛಂದ ಅದ. ಖರೇ, ಹತ್ತ್ ಓವರ್ ಆದ ಮ್ಯಾಲ ನೀ ಬ್ಯಾಟ್ ಆಡಸಲ್ಲ, ಬ್ಯಾಟೇ ನಿನಗ ಆಡಸ್ತದ" ಎಂದರು. ಅವರು ತೆಗೆಸಿಕೊಟ್ಟದ್ದು ಕಾಶ್ಮೀರಿ ವಿಲ್ಲೋದ ಹಗುರ ಬ್ಯಾಟು. ನಾವು ಕೊಳ್ಳಲು ಸಿದ್ಧರಾಗಿದ್ದ ಬೆಲೆಗಿಂತ ಸಾವಿರ ರೂಪಾಯಿ ಕಡಿಮೆ. "ಮಾಮಾ, ಚಾಚಾ ಹೇಳಿದ್ದೇ ತಗೊಳ್ಳಾಮು" ಎಂದು ಅವಳೇ ತೀರ್ಮಾನಿಸಿದಳು. ಗಿರಾಕಿಯ ಕೈಗೆ ಹೊಂದದ ದುಬಾರಿ ಸಾಮಾನನ್ನು ಮಾರಲು ಒಪ್ಪದ ಅಂಗಡಿ ನಮ್ಮ ಊರಿನಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಆ ದಪ್ಪ ಅಂಚಿನ ಮೋಹ ಹುಡುಗಿಯರದಷ್ಟೇ ಅಲ್ಲ. ಲೆದರ್ ಚೆಂಡಿನ ಆಟದಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರು, ದಪ್ಪ 67 ಮಿಲಿಮೀಟರು ಮೀರಬಾರದು ಎಂಬ ನಿಯಮ 2017ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಟೆನಿಸ್ ಚೆಂಡಿನ ಟೂರ್ನಿಗಳಿಗೆ ಇಂಥ ಕಟ್ಟು ಯಾವುದೂ ಇಲ್ಲದ್ದರಿಂದ ಹುಡುಗರು ಹೆಬ್ಬೆರಳು ಇಟ್ಟು ಅಂಚು ಅಳೆದು, ಬೆನ್ನಿನಲ್ಲಿ ಕೊರೆದ ಬ್ಯಾಟನ್ನೇ ಕೊಳ್ಳುತ್ತಾರೆ. ಎನ್.ವಿ. ಮೈದಾನದಲ್ಲಿ ಇಂಥ ಬ್ಯಾಟಿನಿಂದ ಅವರು ಹೊಡೆಯುವ ಸಿಕ್ಸರುಗಳನ್ನು ನಾನೂ ಚಪ್ಪಾಳೆ ತಟ್ಟಿ ನೋಡಿದ್ದೇನೆ. ಆದರೆ ಅದೇ ಹುಡುಗರು ಕಾಲೇಜು ತಂಡಕ್ಕೆ ಬಂದು, ಮ್ಯಾಟಿನ ಮೇಲೆ ಹೊಸ ಲೆದರ್ ಚೆಂಡು ಎದೆಯೆತ್ತರಕ್ಕೆ ಏಳತೊಡಗಿದಾಗ, ಹಿಂದಿನ ಕಾಲನ್ನು ಸ್ಕ್ವೇರ್ ಲೆಗ್ ಕಡೆಗೆ ಎಳೆದುಕೊಂಡು ಚೆಂಡಿನ ದಾರಿಯಿಂದ ಸರಿಯುತ್ತಾರೆ. ನಮ್ಮ ಸ್ಥಳೀಯ ತಂಡಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ. ಹೊಡೆಯುವ ಧೈರ್ಯ ಬೇಕಾದಷ್ಟಿದೆ. ಚೆಂಡನ್ನು ಆಡದೆ ಬಿಡುವ ಅಭ್ಯಾಸವಿಲ್ಲ.

ಕಾಲೇಜು ತಂಡಗಳಿಗೆ ಈ ಅಂಗಡಿ ಮಾರುವ ಚೆಂಡಿನ ಬಗೆಗೂ ನನಗೆ ಸಮಾಧಾನವಿಲ್ಲ. ಚೆಂಡಿನ ತೂಕ 155.9ರಿಂದ 163 ಗ್ರಾಮಿನ ನಡುವೆ ಇರಬೇಕೆಂಬ ನಿಯಮಕ್ಕೆ ಎಲ್ಲವೂ ಒಳಪಟ್ಟಿರುತ್ತವೆ, ಆದರೆ ಎರಡು ತುಂಡು ತೊಗಲಿನ ಅಗ್ಗದ ಚೆಂಡಿಗೂ ನಾಲ್ಕು ತುಂಡಿನ ಚೆಂಡಿಗೂ ಬಾಳಿಕೆಯಲ್ಲಿ ಅಜಗಜಾಂತರವಿದೆ. ಕಲಬುರಗಿಯ ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ. ಎರಡು ತುಂಡಿನ ಚೆಂಡು ಅದರ ಮೇಲೆ ಹತ್ತು ಓವರ್ ಉರುಳುವಷ್ಟರಲ್ಲಿ ಆಕಾರ ಕಳೆದುಕೊಂಡು ಹುಣಸೆಹಣ್ಣಿನ ಉಂಡೆಯಂತಾಗುತ್ತದೆ. ಅದರಿಂದ ಸ್ವಿಂಗು ಕಲಿಯುವುದಾದರೂ ಹೇಗೆ? ಭಾರತದ ಟೆಸ್ಟುಗಳಲ್ಲಿ ಬಳಸುವ ಎಸ್.ಜಿ. ಚೆಂಡಿಗೂ ಇಂಗ್ಲೆಂಡಿನ ಡ್ಯೂಕ್ಸ್ ಚೆಂಡಿಗೂ ಹೊಲಿಗೆ ಕೈಯದು, ಅದಕ್ಕೇ ಆ ಹೊಲಿಗೆ ಬಹಳ ಹೊತ್ತು ಎದ್ದು ನಿಂತಿರುತ್ತದೆ. ಅಂಥ ಚೆಂಡೂ ಇದೇ ಅಂಗಡಿಯ ಗಾಜಿನ ಕಪಾಟಿನಲ್ಲಿದೆ. ಆದರೆ ಕಾಲೇಜಿನವರು ಕೊಟೇಶನ್ನಿನಲ್ಲಿ ಎಲ್ಲಕ್ಕಿಂತ ಕಡಿಮೆ ದರ ಹುಡುಕುತ್ತಾರೆ, ಮಾಲಕರು ಅವರು ಕೇಳಿದ್ದನ್ನು ಕೊಡುತ್ತಾರೆ. ತಪ್ಪು ಯಾರದೆಂದು ನಾನು ಮಾಲಕರ ಜೊತೆ ಅನೇಕ ಸಲ ವಾದಿಸಿದ್ದೇನೆ. "ಸರ, ಬಿಲ್ ಪಾಸ್ ಆಗಬೇಕಲ್ರಿ" ಎಂಬುದು ಅವರ ಒಂದೇ ಉತ್ತರ.

ಹೊಲಿಗೆ ಎದ್ದ ಚೆಂಡಿನ ಮುಂದೆ ಕುಸಿಯುವವರು ನಮ್ಮ ಹುಡುಗರಷ್ಟೇ ಅಲ್ಲ ಎಂಬುದನ್ನೂ ಒಪ್ಪಬೇಕು. 2020ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಗುಲಾಬಿ ಚೆಂಡಿನೆದುರು ಭಾರತ 36 ರನ್ನಿಗೆ ಮುಗಿದ ಬೆಳಿಗ್ಗೆ ನಾನು ಈ ಅಂಗಡಿಯ ಸ್ಟೂಲಿನ ಮೇಲೆಯೇ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೋಡ ಕವಿದ ಹಗಲಿನಲ್ಲಿ ನ್ಯೂಜಿಲೆಂಡಿನೆದುರು 46ಕ್ಕೆ ಎಲ್ಲರೂ ಔಟಾದದ್ದಂತೂ ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅದು ದೂರದ ಪಿಚ್ಚಲ್ಲ, ನಮ್ಮದೇ ಚಿನ್ನಸ್ವಾಮಿ. ಆದರೂ ಭಾರತ ತಂಡದ ಮೇಲೆ ನನಗೆ ಮುನಿಸು ಬಹುಕಾಲ ನಿಲ್ಲುವುದಿಲ್ಲ. ಅಡಿಲೇಡಿನ ಆ 36ರ ತಂಡವೇ ಅರ್ಧ ಆಟಗಾರರು ಗಾಯಗೊಂಡಿದ್ದರೂ 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಮೂರು ವಿಕೆಟುಗಳಿಂದ ಗೆದ್ದು ಸರಣಿಯನ್ನು 2-1ರಿಂದ ತಂದಿತು. ರಿಷಭ್ ಪಂತ್ ಅವರ ಅಜೇಯ 89ರ ಮರುದಿನ ಅಂಗಡಿಯಲ್ಲಿ ಗ್ಲೋವ್ಸ್ ಕೊಳ್ಳಲು ಬಂದ ವಿಕೆಟ್ ಕೀಪರುಗಳ ಗದ್ದಲ ನನಗೆ ನೆನಪಿದೆ.

ಕರ್ನಾಟಕ ತಂಡದ ವಿಷಯಕ್ಕೆ ಬಂದರೆ, ವಿನಯ್ ಕುಮಾರ್ ಅವರ ನಾಯಕತ್ವದಲ್ಲಿ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ದೇಶೀಯ ಟ್ರೋಫಿಗಳನ್ನು ಗೆದ್ದ ತಂಡ ನಾನು ಕಂಡ ಅತ್ಯುತ್ತಮ ರಾಜ್ಯ ತಂಡ. ಆ ತಂಡದ ಹೆಸರಿನ ಒಂದು ಟೋಪಿಯೂ ಈ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, 2022ರಲ್ಲಿ ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯ ಮೊದಲ ಆವೃತ್ತಿಯನ್ನೇ ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಗೆದ್ದಿತು. ನಮ್ಮ ಊರಿನ ಹೆಸರಿನ ತಂಡ, ಆದರೆ ಆಟಗಳು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ, ಊರಿನ ಹೆಸರು ಕಲಬುರಗಿಯಾಗಿ ಎಂಟು ವರ್ಷವಾಗುತ್ತ ಬಂದಿದ್ದರೂ ಅಂಗಿಯ ಮೇಲೆ ಗುಲ್ಬರ್ಗವೇ. ಆ ಅಂಗಿಯನ್ನು ನಾನು ಈ ಬಾಗಿಲಲ್ಲಿ ಒಮ್ಮೆಯೂ ನೋಡಿಲ್ಲ. ಕೇಳಿದವರೇ ಇಲ್ಲ ಎಂದು ಮಾಲಕರು ಹೇಳುತ್ತಾರೆ, ಅವರ ಮಾತಿನಲ್ಲಿ ಸುಳ್ಳಿಲ್ಲ. ಇಲ್ಲಿ ಒಂದು ಪಂದ್ಯವನ್ನೂ ಆಡದ ತಂಡಕ್ಕೆ ಇಲ್ಲಿನ ಹುಡುಗ ಏಕೆ ಅಂಟಿಕೊಳ್ಳಬೇಕು? ರಾಯಚೂರು ವಲಯದ ಆಯ್ಕೆಗೆ ಬ್ಯಾಗು ಹೊತ್ತು ಹೋಗುವ ನಮ್ಮ ಹುಡುಗರಿಗೆ ಆ ತಂಡ ವರ್ಷಕ್ಕೆ ಎರಡು ಪಂದ್ಯ ಇಲ್ಲಿ ಆಡಿ ತೋರಿಸಿದ್ದರೆ ಬೇರೆಯೇ ಮಾತು.

ಅಂಗಿಗಳ ಮಾತು ಬಂದದ್ದರಿಂದ ತಕರಾರನ್ನು ಹೇಳಿಬಿಡುತ್ತೇನೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಬೆಂಗಳೂರಿನ ಪುರುಷರ ತಂಡ ಐಪಿಎಲ್‌ನ ಹದಿನೆಂಟನೆಯ ಆವೃತ್ತಿಯಲ್ಲಿ ಕಡೆಗೂ ಕಪ್ ಗೆದ್ದಾಗ (ಸ್ಮೃತಿ ಮಂಧಾನಾ ಅವರ ಮಹಿಳಾ ತಂಡ ಒಂದು ವರ್ಷ ಮೊದಲೇ ಗೆದ್ದು ತೋರಿಸಿತ್ತು ಎಂಬುದನ್ನು ನಮ್ಮ ಓಣಿಯ ಗಂಡಸರು ಮರೆಯುತ್ತಾರೆ), ಆ ಉತ್ಸಾಹದಲ್ಲಿ ನಮ್ಮ ಭಾನುವಾರದ ತಂಡಕ್ಕೂ ಹದಿನಾಲ್ಕು ಅಂಗಿ ಹೊಲಿಸಲು ಇಲ್ಲಿಯೇ ಮುಂಗಡ ಕೊಟ್ಟೆವು. ಹೆಸರು ಕನ್ನಡದಲ್ಲೇ ಇರಬೇಕೆಂಬುದು ನನ್ನ ಹಟ. ಎಂಟು ದಿನ ಎಂದದ್ದು ಮೂರು ವಾರವಾಯಿತು. ಅಷ್ಟರಲ್ಲಿ ನಾವು ಹಳೆಯ ಬಿಳಿ ಅಂಗಿಯಲ್ಲೇ ಟೂರ್ನಿ ಆಡಿ, ಎರಡನೆಯ ಸುತ್ತಿನಲ್ಲೇ ಸೋತು, ಮನೆ ಸೇರಿದ್ದೆವು. ಕಟ್ಟು ಬಿಚ್ಚಿ ನೋಡಿದರೆ, ತಂಡದಲ್ಲಿ ಅಪ್ಪ ಎಂದು ಕೊನೆಗೊಳ್ಳುವ ನಾಲ್ಕು ಹೆಸರುಗಳಲ್ಲಿಯೂ ಒತ್ತಕ್ಷರ ಒಡೆದು 'ಅಪ್‌ಪ' ಎಂದು ಅಚ್ಚಾಗಿತ್ತು. ಬೇರೆ ಊರಿನಲ್ಲಿ ಮುದ್ರಿಸಿ ತರಿಸುತ್ತಾರಂತೆ, ಅಲ್ಲಿನ ಕಂಪ್ಯೂಟರಿಗೆ ಕನ್ನಡ ಒಗ್ಗುವುದಿಲ್ಲವಂತೆ. ಮಾಲಕರು ಕ್ಷಮೆ ಕೇಳಿ ತಲಾ 50 ರೂಪಾಯಿ ಹಿಂದಿರುಗಿಸಿದರು, ಆದರೆ ಮತ್ತೆ ಮುದ್ರಿಸಿಕೊಡಲು ಒಪ್ಪಲಿಲ್ಲ. ಆ ನಾಲ್ವರೂ ಈಗ ಮೈದಾನದಲ್ಲಿ ಅದೇ ಒಡೆದ ಉಚ್ಚಾರಣೆಯಿಂದಲೇ ಕರೆಸಿಕೊಳ್ಳುತ್ತಿದ್ದಾರೆ. ಬಾಗಿಲಲ್ಲಿ ತೂಗುವ ಸಿದ್ಧ ಅಂಗಿಗಳ ಬಣ್ಣವೂ ಮೂರನೆಯ ಒಗೆತಕ್ಕೆ ಮಾಸುತ್ತದೆ. 350 ರೂಪಾಯಿಗೆ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ತಪ್ಪೇನೋ.

ಕಬಡ್ಡಿಯ ಬೂಟು, ಮೊಣಕಾಲಿನ ಪಟ್ಟಿಗಳ ಸಂಗ್ರಹ ಪರವಾಗಿಲ್ಲ. 2019ರ ಜನವರಿಯ ಪ್ರೊ ಕಬಡ್ಡಿ ಅಂತಿಮ ಪಂದ್ಯದಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬೆಂಗಳೂರು ಬುಲ್ಸ್ ತಂಡವನ್ನು ಗೆಲ್ಲಿಸಿದ ನಂತರ ಈ ಬೂಟುಗಳಿಗೆ ಬೇಡಿಕೆ ಬಂದಿತು, ಆದರೆ ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದ ಹಳ್ಳಿಯ ಹುಡುಗರು ಮ್ಯಾಟಿನ ಮೇಲೆ ಮೊದಲ ಸಲ ಬೂಟು ತೊಟ್ಟಾಗ ಜಾರುವುದೇ ಹೆಚ್ಚು. ಯಾವ ಅಳತೆ, ಯಾವ ಅಟ್ಟೆ ಎಂದು ತಿಳಿಸಿ ಹೇಳುವವರು ಅಂಗಡಿಯಲ್ಲಿಲ್ಲ. ಹಾಕಿ ಕೋಲುಗಳು ಧೂಳು ತಿನ್ನುತ್ತ ತೂಗಿವೆ. ಪ್ಯಾರಿಸ್ ಒಲಿಂಪಿಕ್ಸಿನ ಕಂಚಿನ ಪದಕದ ನಂತರವೂ ಅವುಗಳ ಜಾಗ ಬದಲಾಗಿಲ್ಲ.

ಮಹಿಳೆಯರ ಸಾಮಗ್ರಿಯ ಕೊರತೆ ಮಾತ್ರ ಕ್ಷಮಿಸುವಂಥದ್ದಲ್ಲ. ಮಹಿಳೆಯರ ಚೆಂಡು ಗಂಡಸರದಕ್ಕಿಂತ ಹಗುರ, 140ರಿಂದ 151 ಗ್ರಾಮು. ಅದು ಇಲ್ಲಿ ಇರಲೇ ಇಲ್ಲ. ತಂಗಿಯ ಮಗಳಿಗೆ ತೋರಿಸಿದ ಗ್ಲೋವ್ಸ್ ಒಂದೋ ಹತ್ತು ವರ್ಷದ ಹುಡುಗರದು, ಇಲ್ಲವೇ ಬೆರಳ ತುದಿಯಲ್ಲಿ ಒಂದಂಗುಲ ಖಾಲಿ ಉಳಿಯುವ ಗಂಡಸರದು. ನಮ್ಮ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನೆದುರು 15 ರನ್ನಿಗೆ ಐದು ವಿಕೆಟ್ ಕಿತ್ತು ಇಷ್ಟು ವರ್ಷಗಳಾದ ಮೇಲೂ ಈ ಭಾಗದ ಅಂಗಡಿಯೊಂದು ಹುಡುಗಿಯರನ್ನು ಗಿರಾಕಿಗಳೆಂದು ಲೆಕ್ಕ ಹಿಡಿದಿಲ್ಲ. ಇದನ್ನು ಮಾಲಕರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಒಂದು ವಾರದಲ್ಲಿ ಹೈದರಾಬಾದಿನಿಂದ ಆರು ಚೆಂಡು, ಮೂರು ಜೊತೆ ಗ್ಲೋವ್ಸ್ ತರಿಸಿಟ್ಟು ಫೋನು ಮಾಡಿದರು. ಎರಡು ಜೊತೆ ಅವಳ ಗೆಳತಿಯರೇ ಒಯ್ದರು.

ಹೋಗುವವರಿಗೆ ಎರಡು ಸೂಚನೆ. ಚಾಚಾ ಬೆಳಿಗ್ಗೆ ಹನ್ನೊಂದರ ನಂತರ ಬರುತ್ತಾರೆ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದವರು ಮೂರು ಗಂಟೆಗೆ ಮರಳುತ್ತಾರೆ, ಟೂರ್ನಿಗಳ ಕಾಲದಲ್ಲಿ ಕೊಟ್ಟ ಬ್ಯಾಟು ಕೈಗೆ ಬರಲು ಐದು ದಿನ ಬೇಕು. ಬ್ಯಾಟಿನ ಹಿಡಿಕೆಯ ಮೇಲೆ ನಿಮ್ಮ ಹೆಸರನ್ನು ಪೆನ್ನಿನಿಂದ ನೀವೇ ಬರೆದು ಕೊಡಿರಿ. ಅಂಗಡಿಯವರಿಗೆ ಬರೆಯಲು ಬಿಡಬೇಡಿ, ವಿಶೇಷವಾಗಿ ನಿಮ್ಮ ಹೆಸರಿನಲ್ಲಿ ಒತ್ತಕ್ಷರವಿದ್ದರೆ.