ಅನಲಾಗ್ ಡಿಸ್ಕವರಿ 2: ಸರ್ಕ್ಯೂಟ್ಸ್ ಲ್ಯಾಬ್ ನಡೆಸುವ ಟಿಎಗಳಿಗಾಗಿ ಒಂದು ವಿಮರ್ಶೆ

ಡಿಜಿಲೆಂಟ್ ಕಂಪನಿಯ ಅನಲಾಗ್ ಡಿಸ್ಕವರಿ 2 ಅಂಗೈಯಗಲದ ಪೆಟ್ಟಿಗೆ. ಎರಡು ಚಾನೆಲ್ಲಿನ ಆಸಿಲೋಸ್ಕೋಪ್, ಎರಡು ಫಂಕ್ಷನ್ ಜನರೇಟರ್, 16 ಡಿಜಿಟಲ್ ಪಿನ್, ±5 ವೋಲ್ಟ್ ಸಪ್ಲೈ, ಎಲ್ಲಕ್ಕೂ ಒಂದೇ ಯುಎಸ್‌ಬಿ ಕೇಬಲ್. ವೇವ್‌ಫಾರ್ಮ್ಸ್ ಸಾಫ್ಟ್‌ವೇರ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಷ್ಟನ್ನು ಡೇಟಾಶೀಟೇ ಹೇಳುತ್ತದೆ. ಲ್ಯಾಬ್ ನಡೆಸುವ ಟೀಚಿಂಗ್ ಅಸಿಸ್ಟೆಂಟ್‌ಗೆ ಬೇಕಾದ ಉತ್ತರ ಬೇರೆ: ದೊಡ್ಡ ಬೆಂಚ್ ಉಪಕರಣಗಳಿಗೆಂದು ಬರೆದ ಮ್ಯಾನುಯಲ್ ಇದರ ಮೇಲೆ ನಡೆಯುತ್ತದೆಯೇ? ಇಲ್ಲ. ತಿದ್ದಿ ಬರೆದರೆ ನಡೆಯುತ್ತದೆ, ಕೆಲವು ಪ್ರಯೋಗಗಳಲ್ಲಂತೂ ಬೆಂಚಿಗಿಂತ ಚೆನ್ನಾಗಿ.

ಮೊದಲು ತಿದ್ದಬೇಕಾದದ್ದು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಪ್ರಯೋಗ. ±12 ಅಥವಾ ±15 ವೋಲ್ಟಿಗೆ ಬರೆದ 741 ಸರ್ಕ್ಯೂಟನ್ನು ±5ಕ್ಕೆ ಇಳಿಸಿದರೆ ಔಟ್‌ಪುಟ್ ಸುಮಾರು ±3.5 ವೋಲ್ಟಿನ ಆಸುಪಾಸಿನಲ್ಲೇ ಕ್ಲಿಪ್ ಆಗುತ್ತದೆ. ಗೇನ್ 10, ಇನ್‌ಪುಟ್ ಪೀಕ್ 0.5 ವೋಲ್ಟ್ ಎಂದು ಮ್ಯಾನುಯಲ್ ಹೇಳಿದರೆ ಇಡೀ ಸೆಕ್ಷನ್ ತಲೆ ಕತ್ತರಿಸಿದ ಸೈನ್ ವೇವ್ ಹಿಡಿದು ಸಾಲುಗಟ್ಟುತ್ತದೆ. ಇನ್‌ಪುಟ್ಟನ್ನು 0.2 ವೋಲ್ಟಿಗೆ ಇಳಿಸಿದರೆ ಸಾಕು. ಅದರ ಬದಲು ರೈಲ್-ಟು-ರೈಲ್ ಆಗಲಿ, ಅಂದರೆ ಔಟ್‌ಪುಟ್ ಸಪ್ಲೈಯ ಅಂಚಿನವರೆಗೂ ಹೋಗಲಿ ಎಂದು ಎಂಸಿಪಿ6002 ಆಪ್-ಆಂಪ್ ಹಾಕುವವರು ಸಪ್ಲೈಯನ್ನೂ ±2.5ಕ್ಕೆ ಇಳಿಸಲೇಬೇಕು. ಆ ಚಿಪ್ ಕೆಲಸ ಮಾಡುವುದು ಒಟ್ಟು 6 ವೋಲ್ಟಿನವರೆಗೆ ಮಾತ್ರ. ±5 ಎಂದರೆ 10 ವೋಲ್ಟ್, ಚಿಪ್ ಸುಡುತ್ತದೆ.

ಸಪ್ಲೈಯ ಶಕ್ತಿಯೂ ಕಡಿಮೆ. ಯುಎಸ್‌ಬಿಯಿಂದ ಮಾತ್ರ ನಡೆಸುವಾಗ ಎರಡೂ ಸೇರಿ 500 ಮಿಲಿವಾಟ್, ಅಂದರೆ 5 ವೋಲ್ಟಿನಲ್ಲಿ 100 ಮಿಲಿಆಂಪ್. ಎಲ್‌ಇಡಿ, ಆಪ್-ಆಂಪಿಗೆ ಧಾರಾಳ. ಮೋಟರ್, ಸರ್ವೋಗಳ ಮಾತೇ ಬೇಡ. ಹೊರಗಿನಿಂದ 5 ವೋಲ್ಟ್ ಅಡಾಪ್ಟರ್ ಕೊಟ್ಟರೆ ಪ್ರತಿ ಸಪ್ಲೈಗೆ 2.1 ವಾಟ್‌ವರೆಗೆ ಏರುತ್ತದೆ. ‘ಸಪ್ಲೈ ಬರ್ತಿಲ್ಲ’ ಎಂಬ ದೂರಿಗೆ ಮಾತ್ರ ಮೊದಲು ನೋಡಬೇಕಾದದ್ದು ವೇವ್‌ಫಾರ್ಮ್ಸ್‌ನಲ್ಲಿ ಸಪ್ಲೈಗಳ ಮುಖ್ಯ ಸ್ವಿಚ್ಚಾದ ಮಾಸ್ಟರ್ ಎನೇಬಲ್ ಒತ್ತಿದ್ದಾರೆಯೇ ಎಂಬುದು. ವಿ+ (ಪ್ಲಸ್ ಸಪ್ಲೈ) ಆನ್ ಮಾಡಿ ಮಾಸ್ಟರ್ ಮರೆಯುವವರೇ ಹೆಚ್ಚು.

ಈ ಪೆಟ್ಟಿಗೆಯ ನಿಜವಾದ ಗುಣ ಡಿಫರೆನ್ಷಿಯಲ್ ಇನ್‌ಪುಟ್, ಅಂದರೆ ಯಾವುದೇ ಎರಡು ಬಿಂದುಗಳ ನಡುವಿನ ವ್ಯತ್ಯಾಸವನ್ನು ಅಳೆಯುವ ಇನ್‌ಪುಟ್. ಸಾಮಾನ್ಯ ಬೆಂಚ್ ಸ್ಕೋಪಿನಲ್ಲಿ ಪ್ರೋಬಿನ ಗ್ರೌಂಡ್ ಕ್ಲಿಪ್ ಅರ್ತಿಗೆ ಸೇರಿರುತ್ತದೆ, ಆದ್ದರಿಂದ ಸರ್ಕ್ಯೂಟಿನ ನಡುವಿನ ರೆಸಿಸ್ಟರ್ ಮೇಲಿನ ವೋಲ್ಟೇಜನ್ನು ನೇರವಾಗಿ ಅಳೆಯಲಾಗದು. ಇಲ್ಲಿ ಆಗುತ್ತದೆ. ಡಯೋಡ್ ಪ್ರಯೋಗವನ್ನೇ ನೋಡಿ: ಡಬ್ಲ್ಯೂ1ರಿಂದ (ಮೊದಲ ಫಂಕ್ಷನ್ ಜನರೇಟರಿನ ಔಟ್‌ಪುಟ್) 1 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಡಯೋಡ್, ಅಲ್ಲಿಂದ ಗ್ರೌಂಡ್. ಚಾನೆಲ್ 1 ಡಯೋಡಿನ ಎರಡು ತುದಿಗೆ, ಚಾನೆಲ್ 2 ರೆಸಿಸ್ಟರಿನ ಎರಡು ತುದಿಗೆ. ಮ್ಯಾಥ್ ಚಾನೆಲ್‌ನಲ್ಲಿ ಚಾನೆಲ್ 2ನ್ನು 1000ದಿಂದ ಭಾಗಿಸಿ ಎಕ್ಸ್‌ವೈ ತೆರೆದರೆ ಐ-ವಿ (ಕರೆಂಟ್-ವೋಲ್ಟೇಜ್) ಕರ್ವ್ ಕಣ್ಣೆದುರು.

ಅದೇ ಗುಣ ಮೊದಲ ವಾರಗಳಲ್ಲಿ ತಲೆನೋವೂ ಹೌದು. ಕಿತ್ತಳೆ ವೈರ್ 1+, ಕಿತ್ತಳೆ-ಬಿಳಿ 1−. ವಿದ್ಯಾರ್ಥಿಗಳು ಕಿತ್ತಳೆಯನ್ನು ಸಿಕ್ಕಿಸಿ ಕಿತ್ತಳೆ-ಬಿಳಿಯನ್ನು ಗಾಳಿಯಲ್ಲಿ ಬಿಡುತ್ತಾರೆ. ತೆರೆಯ ಮೇಲೆ ಟ್ರೇಸ್ ಎಲ್ಲೋ ತೇಲುತ್ತದೆ, ಮೇನ್ಸ್ ಹಮ್ ಬೇರೆ. ಗ್ರೌಂಡ್ ಎಂದರೆ ಕಪ್ಪು ವೈರ್, ಚಾನೆಲ್ಲಿನ ಮೈನಸ್ ಅಲ್ಲ: ಇದನ್ನು ಮ್ಯಾನುಯಲ್ಲಿನ ಮೊದಲ ಪುಟದಲ್ಲೇ ಬರೆದರೆ ಅರ್ಧ ಕೈಗಳು ಮೇಲೇಳುವುದಿಲ್ಲ. ಇನ್ನೊಂದು ಎಚ್ಚರಿಕೆ. ಡಿಫರೆನ್ಷಿಯಲ್ ಎಂದರೆ ಐಸೊಲೇಟೆಡ್ ಅಲ್ಲ. ಕಪ್ಪು ವೈರ್ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್ ಗ್ರೌಂಡಿಗೆ, ಮೂರು ಪಿನ್ನಿನ ಚಾರ್ಜರ್ ಇದ್ದರೆ ಅರ್ತಿಗೂ ಸೇರಬಹುದು. ಇನ್‌ಪುಟ್ ಮಿತಿ ±25 ವೋಲ್ಟ್. ಮೇನ್ಸ್ ಹತ್ತಿರ ತರುವ ಹಾಗೇ ಇಲ್ಲ.

ಇನ್‌ಪುಟ್ ಇಂಪೀಡೆನ್ಸ್ 1 ಮೆಗಾಓಮ್, ಜೊತೆಗೆ 24 ಪಿಕೋಫ್ಯಾರಡ್. ಎರಡು 1 ಮೆಗಾಓಮ್ ರೆಸಿಸ್ಟರಿನ ಡಿವೈಡರಿಗೆ 5 ವೋಲ್ಟ್ ಕೊಟ್ಟು ನಡುವೆ ಅಳೆದರೆ 2.5 ಅಲ್ಲ, 1.67 ಬರುತ್ತದೆ. ಇದನ್ನು ಮುಚ್ಚಿಡುವ ಬದಲು ಪ್ರಯೋಗವನ್ನಾಗಿಯೇ ಇಡುವುದು ಒಳ್ಳೆಯದು. ಅಳೆಯುವ ಉಪಕರಣವೇ ಸರ್ಕ್ಯೂಟನ್ನು ಬದಲಿಸುವ ಈ ಲೋಡಿಂಗ್ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಫರ್ (ಸ್ಯಾಂಪಲ್ ಕೂಡಿಡುವ ಮೆಮೊರಿ) ಚಿಕ್ಕದು: ಡೀಫಾಲ್ಟ್‌ನಲ್ಲಿ ಚಾನೆಲ್ಲಿಗೆ 8192 ಸ್ಯಾಂಪಲ್. ಸೆಕೆಂಡಿಗೆ 100 ಮೆಗಾಸ್ಯಾಂಪಲ್ ವೇಗ ಅಂತ ನಂಬಿ ಟೈಮ್‌ಬೇಸನ್ನು ಡಿವಿಜನ್ನಿಗೆ 10 ಮಿಲಿಸೆಕೆಂಡಿಗೆ, ಅಂದರೆ ಹತ್ತು ಡಿವಿಜನ್ನಿನ ತೆರೆಗೆ 100 ಮಿಲಿಸೆಕೆಂಡಿಗೆ ಇಟ್ಟರೆ ಸಿಗುವುದು ಸೆಕೆಂಡಿಗೆ 81,920 ಸ್ಯಾಂಪಲ್ ಮಾತ್ರ. ಆಗ 80 ಕಿಲೋಹರ್ಟ್ಸ್ ಸಿಗ್ನಲ್ ಡೆಸಿಮೇಟ್ ಮೋಡಿನಲ್ಲಿ (ನಡುವಿನ ಸ್ಯಾಂಪಲ್‌ಗಳನ್ನು ಬಿಟ್ಟುಬಿಡುವುದು) 1.92 ಕಿಲೋಹರ್ಟ್ಸ್ ಅಲೆಯಂತೆ ಕಾಣುತ್ತದೆ; ಆವರೇಜ್ ಮೋಡಿನಲ್ಲಿ (ಅವುಗಳ ಸರಾಸರಿ ತೆಗೆಯುವುದು) ಬಹುತೇಕ ಚಪ್ಪಟೆ ಗೆರೆ. ಜನರೇಟರ್ ಕೆಟ್ಟಿದೆ ಎಂದು ಡಿವೈಸ್ ಬದಲಿಸುವ ಮುನ್ನ ಟೈಮ್‌ಬೇಸ್ ಇಳಿಸಿ ನೋಡಿ.

ಡಿಜಿಟಲ್ ಪಿನ್ನುಗಳ ಔಟ್‌ಪುಟ್ 3.3 ವೋಲ್ಟ್. 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿ ಚಿಪ್ಪಿಗೆ ‘1’ ಎನಿಸಲು 3.5 ವೋಲ್ಟ್ ಬೇಕು. ಹಾಗಾಗಿ ಒಂದು ಬೆಂಚಿನಲ್ಲಿ ಸರಿ, ಪಕ್ಕದಲ್ಲಿ ತಪ್ಪು. ವಿ+ ಅನ್ನು 3.3ಕ್ಕೆ ಇಳಿಸಿ ಅಥವಾ 74ಎಚ್‌ಸಿಟಿ ತರಿಸಿ.

ಬ್ಯಾಂಡ್‌ವಿಡ್ತ್ ಜೊತೆಗೆ ಬರುವ ವೈರ್‌ಗಳಲ್ಲಿ ಸುಮಾರು 9 ಮೆಗಾಹರ್ಟ್ಸ್, ಬೆಂಚ್ ಸ್ಕೋಪಿನ ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಅಡಾಪ್ಟರ್ ಹಾಕಿದರೆ 30ರ ಮೇಲೆ. ಮೊದಲ ಎರಡು ವರ್ಷಗಳ ಕೋರ್ಸಿಗೆ ಸಾಕು, ಆರ್‌ಎಫ್ ಲ್ಯಾಬಿಗೆ ಸಾಲದು. ಹೊಸ ಅನಲಾಗ್ ಡಿಸ್ಕವರಿ 3ರಲ್ಲಿ ಯುಎಸ್‌ಬಿ-ಸಿ, 125 ಮೆಗಾಸ್ಯಾಂಪಲ್ ಇವೆ. ಸಪ್ಲೈ ಅದರಲ್ಲೂ ±5 ವೋಲ್ಟೇ. ಹಳೆಯದು ಇರುವ ಲ್ಯಾಬ್ ಬದಲಿಸುವ ತುರ್ತಿಲ್ಲ.

ಸೆಕ್ಷನ್ ಶುರುವಾಗುವ ಮುನ್ನ ಪ್ರತಿ ಪೆಟ್ಟಿಗೆಗೂ ಒಂದು ತಪಾಸಣೆ ಸಾಕು: ಡಬ್ಲ್ಯೂ1ನ್ನು 1+ಗೆ, ಡಬ್ಲ್ಯೂ2ನ್ನು 2+ಗೆ, ಎರಡೂ ಮೈನಸ್ ಗ್ರೌಂಡಿಗೆ, 1 ಕಿಲೋಹರ್ಟ್ಸ್ 1 ವೋಲ್ಟ್ ಸೈನ್. ಬಳಿಕ ಅವೇ ಚಾನೆಲ್‌ಗಳನ್ನು ವಿ+, ವಿ−ಗೆ ಸಿಕ್ಕಿಸಿ ವೋಲ್ಟ್‌ಮೀಟರ್ ಓದಿ. ಇಲ್ಲಿ ಸಿಗುವ ದೋಷ ಹೆಚ್ಚಾಗಿ ಸಡಿಲ ವೈರಿನದ್ದು, ಪೆಟ್ಟಿಗೆಯದ್ದಲ್ಲ. ಹೆಚ್ಚುವರಿ ವೈರ್ ಸೆಟ್ ಇಟ್ಟುಕೊಂಡಿರಿ.

ಗ್ರೇಡಿಂಗ್‌ಗೆ ಸ್ಕ್ರೀನ್‌ಶಾಟ್ ಬೇಡ, ಸಿಎಸ್‌ವಿ ಫೈಲ್ ಕೇಳಿ. ಎಕ್ಸ್‌ಪೋರ್ಟ್ ಮಾಡುವಾಗ ಹೆಡರ್ ಸೇರಿಸಿದರೆ ಡಿವೈಸಿನ ಸೀರಿಯಲ್ ನಂಬರ್, ದಿನಾಂಕ, ಸಮಯ ಫೈಲಿನ ಮೇಲ್ಭಾಗದಲ್ಲೇ ಇರುತ್ತವೆ. ಎರಡು ವರದಿಗಳಲ್ಲಿ ಸೀರಿಯಲ್ ನಂಬರ್ ಜೊತೆಗೆ ಸೆಕೆಂಡೂ ಒಂದೇ ಆಗಿದ್ದರೆ ಉಳಿದದ್ದನ್ನು ವೈವಾದಲ್ಲಿ ಕೇಳಬಹುದು.