ಅಗ್ಗದ ಪ್ರೀಮಿಯಂ ನೋಡಿ ದುಬಾರಿ ಕಾರಿಗೆ ವಿಮೆ ಮಾಡಿಸಿದವನ ಲೆಕ್ಕ

ಹಳೆಯ ಐಷಾರಾಮಿ ಕಾರನ್ನು ಕಡಿಮೆ ಬೆಲೆಗೆ ಕೊಂಡು, ಅದರ ವಿಮೆಯನ್ನೂ ಕಡಿಮೆ ಖರ್ಚಿನಲ್ಲೇ ಮುಗಿಸಬಹುದೆಂದು ಯೋಚಿಸುತ್ತಿರುವವರು ಇದನ್ನೊಮ್ಮೆ ಓದಬೇಕೆಂದು ಕೋರಿಕೆ. 2016ರಲ್ಲಿ ನೋಂದಣಿಯಾಗಿದ್ದ, ಹೊಸದಿದ್ದಾಗ ಸುಮಾರು 50 ಲಕ್ಷ ರೂಪಾಯಿ ಬಾಳುತ್ತಿದ್ದ ಜರ್ಮನ್ ಸೆಡಾನೊಂದನ್ನು ನಾನು 2020ರಲ್ಲಿ 21 ಲಕ್ಷಕ್ಕೆ ಕೊಂಡೆ. ಕ್ಲೇಮು ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಎಂಬುದು ಕಾರಿನದ್ದಲ್ಲ, ಮಾಲೀಕನದ್ದು. ಆದ್ದರಿಂದ ಪಾಲಿಸಿಯನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಳ್ಳುವಾಗ ಹಿಂದಿನವರಿಗೆ ಸಿಕ್ಕಿದ್ದ ರಿಯಾಯಿತಿಯ ಉಳಿದ ಭಾಗವನ್ನು ನಾನೇ ಕಟ್ಟಬೇಕಾಯಿತು. ಕಾರು ಅಗ್ಗವಾದ ಮಾತ್ರಕ್ಕೆ ಅದರ ವಿಮೆಯೂ ಅಗ್ಗವಲ್ಲವೆಂದು ಅಲ್ಲಿಗೇ ಎಚ್ಚೆತ್ತುಕೊಳ್ಳಬೇಕಿತ್ತು.

2022ರ ಜುಲೈನಲ್ಲಿ ಪಾಲಿಸಿ ನವೀಕರಣಕ್ಕೆ ಬಂತು. ಕಾರು ಪೂರ್ತಿ ನಷ್ಟವಾದರೆ ಅಥವಾ ಕಳುವಾದರೆ ಕಂಪನಿ ಕೊಡಬೇಕಾದ ಗರಿಷ್ಠ ಮೊತ್ತಕ್ಕೆ ಐಡಿವಿ ಎನ್ನುತ್ತಾರೆ. ಐದು ವರ್ಷದವರೆಗೆ ಇದಕ್ಕೆ ಸವಕಳಿಯ ಪಟ್ಟಿಯೊಂದಿದೆ: ನಾಲ್ಕರಿಂದ ಐದು ವರ್ಷದ ಕಾರಿಗೆ ಹೊಸ ಬೆಲೆಯಲ್ಲಿ ಶೇ. 50 ಕಳೆಯುತ್ತಾರೆ. ಐದು ವರ್ಷ ದಾಟಿದ ಮೇಲೆ ಕಂಪನಿ ಮತ್ತು ಮಾಲೀಕ ಪರಸ್ಪರ ಒಪ್ಪಿದ ಮೊತ್ತವೇ ಐಡಿವಿ. ಏಜೆಂಟರು ನನ್ನ ಮುಂದೆ ಎರಡು ಕೊಟೇಶನ್ ಇಟ್ಟರು. ಒಂದರಲ್ಲಿ ಐಡಿವಿ 18 ಲಕ್ಷ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಸೇರಿ ಪ್ರೀಮಿಯಂ 69 ಸಾವಿರ. ಇನ್ನೊಂದರಲ್ಲಿ ಐಡಿವಿ 13 ಲಕ್ಷ, ಯಾವ ಹೆಚ್ಚುವರಿ ಕವರೂ ಇಲ್ಲದೆ 37 ಸಾವಿರ. ಎರಡರಲ್ಲೂ ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ ಕಟ್ಟುವ ಮೂರನೇ ವ್ಯಕ್ತಿಯ ವಿಮೆಯ 7,897 ರೂಪಾಯಿ ಮತ್ತು ಶೇ. 18 ಜಿಎಸ್‌ಟಿ ಸೇರಿತ್ತು. ಆ 7,897 ಎಂಬುದು 1,500 ಸಿಸಿ ಮೀರಿದ ಖಾಸಗಿ ಕಾರುಗಳಿಗೆ ಆಗ ಒಂದೇ ಆಗಿತ್ತು. ಕಾರು ಹದಿನೈದು ಲಕ್ಷದ್ದೋ ನಾಲ್ಕು ಕೋಟಿಯದ್ದೋ ಎಂದು ಅದು ನೋಡುವುದಿಲ್ಲ. ಐಷಾರಾಮಿ ಕಾರಿನ ವಿಮೆ ದುಬಾರಿಯಾಗುವುದೆಲ್ಲ ಸ್ವಂತ ಹಾನಿಯ, ಅಂದರೆ ನಮ್ಮದೇ ಕಾರಿಗಾಗುವ ಹಾನಿಯ ಭಾಗದಲ್ಲಿ, ನಾವು ಚೌಕಾಸಿ ಮಾಡುವುದೂ ಅಲ್ಲಿಯೇ. "ಸರ್, ನೀವು ನಿಧಾನಕ್ಕೆ ಓಡಿಸೋರು, ಇಷ್ಟೆಲ್ಲ ಯಾಕೆ ಕಟ್ತೀರಿ?" ಎಂದು ಏಜೆಂಟರು ಕೇಳಿದಾಗ ನನಗೂ ಸರಿಯೆನಿಸಿ, 32 ಸಾವಿರ ಉಳಿಯಿತೆಂಬ ಸಮಾಧಾನದಲ್ಲಿ ಎರಡನೆಯದಕ್ಕೆ ಸಹಿ ಹಾಕಿದೆ.

ಎರಡು ತಿಂಗಳೂ ಕಳೆದಿರಲಿಲ್ಲ. ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದು ಹಲವರಿಗೆ ನೆನಪಿರಬಹುದು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ನೀರು ನುಗ್ಗಿತು. ಪಂಪು ಹಚ್ಚಿ ನೀರು ತೆಗೆಯಲು ಎರಡು ದಿನ ಹಿಡಿಯಿತು. ಇಳಿದು ನೋಡಿದರೆ ಕಾರಿನ ಬಾಗಿಲ ಮೇಲೆ ಸೀಟಿನ ಎತ್ತರಕ್ಕೆ ಕೆಸರಿನ ಗೆರೆ ಮೂಡಿತ್ತು. ನಾನು ಮಾಡಿದ ಎರಡನೆಯ ತಪ್ಪು ಇಲ್ಲಿದೆ: ಒಳಗೆ ಕುಳಿತು, ಜೀವ ಇದೆಯೋ ಇಲ್ಲವೋ ನೋಡೋಣವೆಂದು ಸ್ಟಾರ್ಟ್ ಗುಂಡಿ ಒತ್ತಿದೆ. ಎಂಜಿನ್ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ನಿಂತುಹೋಯಿತು.

ಗ್ಯಾರೇಜಿನಲ್ಲಿ ವಿಮಾ ಕಂಪನಿಯ ಪರವಾಗಿ ಹಾನಿ ಪರಿಶೀಲಿಸಲು ಬಂದ ಸರ್ವೇಯರ್ ಮೊದಲು ಏರ್ ಫಿಲ್ಟರನ್ನು ಬಿಚ್ಚಿಸಿದರು. ಅದನ್ನು ಹಿಂಡಿದರೆ ನೀರು ಬರುವಂತಿತ್ತು. ಬಳಿಕ ಎಂಜಿನ್ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನನ್ನ ಮುಖದ ಮುಂದೆ ಹಿಡಿದರು. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಪ್ರವಾಹದಿಂದಾದ ಹಾನಿಗೆ ಸಾಮಾನ್ಯ ಪಾಲಿಸಿಯಲ್ಲಿ ರಕ್ಷಣೆಯಿದೆ, ಆದರೆ ನೀರು ತುಂಬಿದ ಎಂಜಿನ್ನನ್ನು ಚಾಲು ಮಾಡಿದ್ದರಿಂದಾದ ಹಾನಿಯನ್ನು ಪರಿಣಾಮದಿಂದುಂಟಾದ ನಷ್ಟವೆಂದು ಪರಿಗಣಿಸಿ ಹೊರಗಿಡಲಾಗುತ್ತದೆ, ಅದಕ್ಕಾಗಿಯೇ ಎಂಜಿನ್ ರಕ್ಷಣೆ ಎಂಬ ಪ್ರತ್ಯೇಕ ಕವರ್ ಇರುವುದು ಎಂದು ಅವರು ಶಾಂತವಾಗಿಯೇ ವಿವರಿಸಿದರು.

ಎಸ್ಟಿಮೇಟು 15.20 ಲಕ್ಷಕ್ಕೆ ಬಂತು: ಎಂಜಿನ್ 7.80 ಲಕ್ಷ, ವೈರಿಂಗ್, ಎಲೆಕ್ಟ್ರಾನಿಕ್ಸ್, ಸೀಟು ಮುಂತಾದ ಬಿಡಿಭಾಗಗಳು 6.10 ಲಕ್ಷ, ಕೂಲಿ 1.30 ಲಕ್ಷ. ಕಾರಿನ ಬೆಲೆ ಅರ್ಧಕ್ಕಿಂತ ಕೆಳಗಿಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಸರ್ವೇಯರ್ ಎಂಜಿನ್ನಿನ ಸಾಲನ್ನು ಅದರ ಕೂಲಿಯ ಸಮೇತ ಹೊಡೆದುಹಾಕಿದರು. ಉಳಿದುದರಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ. 50, ಐದು ವರ್ಷ ದಾಟಿದ ಕಾರಾದ್ದರಿಂದ ಲೋಹದ ಭಾಗಗಳಿಗೆ ಶೇ. 40 ಸವಕಳಿ ಕಳೆದರು. ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಭರಿಸಬೇಕಾದ ಕಡ್ಡಾಯ ಕಡಿತದ 2,000 ರೂಪಾಯಿಯೂ ಹೋಗಿ ಕಂಪನಿಯ ಪಾಲಿಗೆ ನಿಂತದ್ದು 4.13 ಲಕ್ಷ.

ದುರಸ್ತಿಯ ವೆಚ್ಚ ಐಡಿವಿಯ ಶೇ. 75ನ್ನು ಮೀರಿದರೆ ಕಾರನ್ನು ಪೂರ್ಣ ನಷ್ಟವೆಂದು ಪರಿಗಣಿಸಬೇಕಲ್ಲವೇ ಎಂಬ ಧೈರ್ಯವೊಂದು ನನಗಿತ್ತು. 13 ಲಕ್ಷದ ಶೇ. 75 ಎಂದರೆ 9.75 ಲಕ್ಷ, ಎಸ್ಟಿಮೇಟು ಅದನ್ನು ಎಂದೋ ದಾಟಿತ್ತು. ಆದರೆ ಆ ವೆಚ್ಚವನ್ನು ಪಾಲಿಸಿಯ ಷರತ್ತುಗಳಿಗೆ ಒಳಪಟ್ಟೇ ಎಣಿಸಬೇಕೆಂದು ನಿಯಮದಲ್ಲಿದೆ. ಷರತ್ತಿನಿಂದ ಹೊರಗುಳಿದ ಎಂಜಿನ್ ಆ ಎಣಿಕೆಗೂ ಬರುವುದಿಲ್ಲ. ಹೀಗಾಗಿ ಪೂರ್ಣ ನಷ್ಟವೂ ಇಲ್ಲ, ಪೂರ್ಣ ದುರಸ್ತಿಯೂ ಇಲ್ಲ. 4.13 ಲಕ್ಷವೂ ದುರಸ್ತಿಯ ಬಿಲ್ಲು ಕೊಟ್ಟ ಮೇಲೆಯೇ ಸಿಗುವುದು, ಅಂದರೆ ದುರಸ್ತಿ ಮಾಡಿಸಬೇಕಾದರೆ ಉಳಿದ ಸುಮಾರು 11 ಲಕ್ಷ ನಾನು ಹಾಕಬೇಕು. ಈ ಚರ್ಚೆ ನಡೆಯುತ್ತಿದ್ದ 46 ದಿನಗಳಿಗೆ ಗ್ಯಾರೇಜಿನವರು ದಿನಕ್ಕೆ 1,200ರಂತೆ 55,200 ರೂಪಾಯಿ ನಿಲುಗಡೆ ಬಾಡಿಗೆ ಹಾಕಿದರು. ಗ್ರಾಹಕರ ದೂರು ಆಲಿಸುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗುವಂತೆ ಕೆಲವರು ಹೇಳಿದರು. ನಾನೇ ಸಹಿ ಹಾಕಿದ ಷರತ್ತು ಸ್ಪಷ್ಟವಾಗಿದ್ದುದರಿಂದ ಹೋಗಲಿಲ್ಲ. ಕ್ಲೇಮನ್ನು ಕೈಬಿಟ್ಟು, ನೆನೆದ ಕಾರುಗಳನ್ನೇ ಕೊಳ್ಳುವ ವ್ಯಾಪಾರಿಗೆ 5 ಲಕ್ಷಕ್ಕೆ ಮಾರಿದೆ.

ಐಡಿವಿ ಇಳಿಸಿದ್ದಕ್ಕಿಂತ ಎಂಜಿನ್ ಕವರ್ ಬಿಟ್ಟದ್ದೇ ದೊಡ್ಡ ತಪ್ಪು ಎಂದು ಈಗ ನನಗೆ ಅನಿಸುತ್ತದೆ. ಹಳೆಯ ಐಷಾರಾಮಿ ಕಾರಿಗೆ ಮುಂಗಡ ಕೊಡುವ ಮೊದಲೇ, ಅದೇ ನೋಂದಣಿ ಸಂಖ್ಯೆಗೆ ಎಂಜಿನ್ ರಕ್ಷಣೆ ಮತ್ತು (ಬಿಡಿಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ) ಸವಕಳಿರಹಿತ ಕವರ್ ಯಾವ ಕಂಪನಿ ಕೊಡುತ್ತದೆ, ಎಷ್ಟು ವರ್ಷದವರೆಗೆ ಕೊಡುತ್ತದೆ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ; ವಯಸ್ಸಾದ ಕಾರಿಗೆ ಎಷ್ಟೋ ಕಡೆ ಅವು ಸಿಗುವುದೇ ಇಲ್ಲ. ನೀರು ಹೊಕ್ಕಿದ್ದರೆ ಕೆಸರಿನ ಗೆರೆಯ ಫೋಟೋ ತೆಗೆದು, ಬ್ಯಾಟರಿಯ ತಂತಿ ಕಳಚಿಸಿ, ಕಾರನ್ನು ಲಾರಿಯ ಮೇಲೇರಿಸಿಯೇ ಸಾಗಿಸಿ.

ಅಂದು ನನ್ನ ಕಾರನ್ನು ಎತ್ತಲು ಬಂದ ಲಾರಿ ಚಾಲಕ ಕೀಲಿ ಕೇಳುವುದಕ್ಕೂ ಮೊದಲು, "ಸಾರ್, ಸ್ಟಾರ್ಟ್ ಏನಾದ್ರೂ ಮಾಡಿದ್ರಾ?" ಎಂದು ಕೇಳಿದ್ದ. ಬೆಳಗಿನಿಂದ ಅವನು ಎತ್ತಿದ್ದ ಐದನೆಯ ಕಾರು ನನ್ನದಂತೆ. ಉಳಿದ ನಾಲ್ವರೂ ಮಾಡಿದ್ದರಂತೆ.