ಮೂವತ್ತು ದಿನದ ರೆಕಾರ್ಡಿಂಗ್ ಎಂದು ಹೇಳಿದರೆ, ಬಿಟ್‌ರೇಟ್ ಎಷ್ಟೆಂದು ಕೇಳಿ

ಶಿರಸಿ ಸೀಮೆಯಲ್ಲಿರುವ ನಮ್ಮ ಮನೆಯ ಅಂಗಳದಿಂದ ಕಳೆದ ಮಾಘ ಮಾಸದಲ್ಲಿ ಹಾಡಹಗಲೇ ಮೂರು ಚೀಲ ಚಾಲಿ ಅಡಿಕೆ ಕಳುವಾಯಿತು. ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದೆವು. ನಾಲ್ಕು ಕ್ಯಾಮೆರಾಗಳೂ ಕೆಲಸ ಮಾಡುತ್ತಿದ್ದವು, ಕಳ್ಳರ ಪಿಕಪ್ ಬಂದು ಹೋದದ್ದೆಲ್ಲ ರೆಕಾರ್ಡ್ ಆಗಿತ್ತು. ಆದರೆ ಠಾಣೆಯಲ್ಲಿ ಆ ವಿಡಿಯೊವನ್ನು ನಿಲ್ಲಿಸಿ ನೋಡಿದಾಗ ನಂಬರ್ ಪ್ಲೇಟಿನ ಹಳದಿ ಪಟ್ಟಿ ಸಣ್ಣ ಸಣ್ಣ ಚೌಕಗಳಾಗಿ ಒಡೆದು, 3, 8, 0 ಎಲ್ಲವೂ ಒಂದೇ ಮಸಿಯ ಕಲೆಯಂತೆ ಕಾಣುತ್ತಿದ್ದವು. ಚೀಲ ಹೊತ್ತವನ ಮುಖವಿರಬೇಕಾದಲ್ಲಿ ಮಣ್ಣಿನ ಬಣ್ಣದ ಮಚ್ಚೆಯೊಂದಿತ್ತು.

ಕ್ಯಾಮೆರಾ ಕಳಪೆಯೇನಲ್ಲ, 4 ಮೆಗಾಪಿಕ್ಸೆಲ್‌ನದು. ಅಳವಡಿಸಿದ ದಿನ ಮೊಬೈಲಿನಲ್ಲಿ ನೋಡಿದಾಗ ಒಣಹಾಕಿದ ಅಡಿಕೆಯನ್ನು ಎಣಿಸುವಷ್ಟು ಚಿತ್ರ ಚೆನ್ನಾಗಿತ್ತು. ತಪ್ಪು ಇದ್ದದ್ದು ವಿಡಿಯೊ ಸೆಟ್ಟಿಂಗ್‌ನಲ್ಲಿ. ಅಡ್ಮಿನ್ ಪಾಸ್‌ವರ್ಡನ್ನು ಅಳವಡಿಸಿದವರು ತಮ್ಮಲ್ಲೇ ಇಟ್ಟುಕೊಂಡಿದ್ದರಿಂದ ಆ ಪುಟವನ್ನು ನಾನು ಮೊದಲ ಬಾರಿಗೆ ನೋಡಿದ್ದು ಕಳವಾದ ಮೇಲೆ. ರೆಕಾರ್ಡಿಂಗಿಗೆ ಹೋಗುವ ವಿಡಿಯೊ, ಅಂದರೆ ಮುಖ್ಯ ಸ್ಟ್ರೀಮಿನ ರೆಸಲ್ಯೂಷನ್ 2560×1440, ಸೆಕೆಂಡಿಗೆ 25 ಫ್ರೇಮ್. ಆದರೆ ಗರಿಷ್ಠ ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ವಿಡಿಯೊಗೆ ಬಳಸಬಹುದಾದ ಡೇಟಾ, ಬರಿಯ 768 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್)!

ಹೀಗೇಕೆ ಮಾಡಿದರೆಂಬುದು ಲೆಕ್ಕ ಹಾಕಿದಾಗ ತಿಳಿಯಿತು. ಒಂದು ಕ್ಯಾಮೆರಾಕ್ಕೆ 4 ಎಂಬಿಪಿಎಸ್ (ಅಂದರೆ 4000 ಕೆಬಿಪಿಎಸ್) ಕೊಟ್ಟರೆ ದಿನಕ್ಕೆ ಸುಮಾರು 43 ಜಿಬಿ ಬೇಕು, ನಾಲ್ಕು ಕ್ಯಾಮೆರಾಗಳಿಗೆ 1 ಟಿಬಿ ಹಾರ್ಡ್ ಡಿಸ್ಕ್ ಆರು ದಿನಕ್ಕೂ ಸಾಲದು. ನಮಗೆ ಮಾತು ಕೊಟ್ಟದ್ದು ಮೂವತ್ತು ದಿನ. ದೊಡ್ಡ ಡಿಸ್ಕ್ ಹಾಕುವ ಬದಲು ಬಿಟ್‌ರೇಟನ್ನೇ ಹಿಂಡಿ ಆ ಮೂವತ್ತು ದಿನವನ್ನು ತೋರಿಸಿದ್ದರು. ನಮಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ.

ಏನೂ ಅಲುಗಾಡದ ಅಂಗಳಕ್ಕೆ ಅಷ್ಟು ಬಿಟ್‌ರೇಟ್ ಸಾಕಾಗುತ್ತದೆ, ಏಕೆಂದರೆ ಒಂದು ಪೂರ್ಣ ಚಿತ್ರದ ನಂತರ ಬದಲಾದ ಭಾಗವನ್ನು ಮಾತ್ರ ಕ್ಯಾಮೆರಾ ಕಳುಹಿಸುತ್ತದೆ. ಮೊದಲ ದಿನ ಎಲ್ಲವೂ ಸ್ಪಷ್ಟವಾಗಿ ಕಂಡದ್ದು ಇದರಿಂದಲೇ. ನಮ್ಮಲ್ಲಿ ಚಿತ್ರದ ಮೇಲರ್ಧವೆಲ್ಲ ಅಡಿಕೆ ಮರದ ಸೋಗೆಗಳು. ಗಾಳಿ ಬೀಸಿದೊಡನೆ ಸಾವಿರಾರು ಎಲೆಗಳು ಒಟ್ಟಿಗೆ ಅಲುಗಾಡಿ ಇದ್ದ ಬಿಟ್‌ರೇಟನ್ನೆಲ್ಲ ಅವೇ ತಿನ್ನುತ್ತಿದ್ದವು, ಅದೇ ಹೊತ್ತಿಗೆ ಓಡುವ ವಾಹನದ ನಂಬರಿಗೆ ಉಳಿಯುತ್ತಿದ್ದದ್ದು ಅತ್ಯಲ್ಪ. ತೋಟದ ಮನೆಗಳಲ್ಲಿ ಕ್ಯಾಮೆರಾ ಹಾಕಿಸುವವರು ಈ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಬೇಕು.

ಈಗ ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ ಸೋಗೆಗಳನ್ನು ಚೌಕಟ್ಟಿನಿಂದ ಹೊರಗಿಟ್ಟಿದ್ದೇನೆ. ಎಚ್.265 ಕೋಡೆಕ್ (ವಿಡಿಯೊವನ್ನು ಕಡಿಮೆ ಜಾಗಕ್ಕೆ ಕುಗ್ಗಿಸುವ ವಿಧಾನ), ಸೆಕೆಂಡಿಗೆ 15 ಫ್ರೇಮ್, ಗರಿಷ್ಠ ಬಿಟ್‌ರೇಟ್ 3072 ಕೆಬಿಪಿಎಸ್ ಇಟ್ಟು, ಎರಡು ಸೆಕೆಂಡಿಗೊಮ್ಮೆ ಪೂರ್ಣ ಚಿತ್ರ ಬರುವಂತೆ ಐ-ಫ್ರೇಮ್ ಅಂತರವನ್ನು 30 ಮಾಡಿದ್ದೇನೆ. ಮೊಬೈಲಿಗೆ ಹೋಗುವ ಸಬ್ ಸ್ಟ್ರೀಮ್ ಬೇರೆಯೇ ಇರುವುದರಿಂದ ಅದನ್ನು ಚಿಕ್ಕದಾಗಿಯೇ ಬಿಟ್ಟಿದ್ದೇನೆ. ಹಳ್ಳಿಯ ಇಂಟರ್‌ನೆಟ್‌ಗೆ ಅಷ್ಟೇ ಹಿತ. ಆದರೆ ಎನ್‌ವಿಆರ್ (ಕ್ಯಾಮೆರಾಗಳ ವಿಡಿಯೊವನ್ನು ಡಿಸ್ಕಿನಲ್ಲಿ ಉಳಿಸುವ ಪೆಟ್ಟಿಗೆ) ರೆಕಾರ್ಡ್ ಮಾಡುವುದು ಮುಖ್ಯ ಸ್ಟ್ರೀಮನ್ನೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಡಿಸ್ಕನ್ನು 4 ಟಿಬಿಗೆ ಬದಲಾಯಿಸಿದ ಮೇಲೆ ಮೂವತ್ತು ದಿನದ ಮಾತೂ ನಿಜವಾಯಿತು.

ಹಣ ಕೊಡುವ ಮುಂಚೆಯೇ ಅಡ್ಮಿನ್ ಪಾಸ್‌ವರ್ಡ್ ಕೇಳಿ ಪಡೆದು ಬದಲಾಯಿಸಿಕೊಳ್ಳಿ. ಬಳಿಕ ಗಾಳಿಯಿರುವ ಹೊತ್ತಿನಲ್ಲಿ ಯಾರಾದರೂ ಮಾಮೂಲಿ ವೇಗದಲ್ಲಿ ವಾಹನ ತರಲಿ. ನೇರ ದೃಶ್ಯವನ್ನಲ್ಲ, ಎನ್‌ವಿಆರ್‌ನಲ್ಲಿ ಉಳಿದ ರೆಕಾರ್ಡಿಂಗನ್ನು ತೆರೆದು ನಿಲ್ಲಿಸಿ ನೋಡಿ. ನಮ್ಮಲ್ಲಿ ಅಣ್ಣನ ಮಗ ಬೈಕಿನಲ್ಲಿ ಮೂರು ಸಲ ಅಂಗಳಕ್ಕೆ ಬಂದು ಹೋದ. ಮೂರನೆಯ ಸಲ, ಸೆಟ್ಟಿಂಗ್ ಸರಿಪಡಿಸಿದ ಮೇಲೆ, ನಂಬರಿನ ನಾಲ್ಕು ಅಂಕಿಗಳನ್ನೂ ನನ್ನ ತಾಯಿ ಕನ್ನಡಕವಿಲ್ಲದೆ ಓದಿದರು.